ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ: ಇಬ್ಬರ ಕಷ್ಟ ಒಂದೇ ಬಗೆಯದಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು, ಶಾಲಾ ಶಿಕ್ಷಕಿ. ನನ್ನ ತಮ್ಮ ಟ್ರಾನ್ಸ್ ಪುರುಷ. ಹೆಣ್ಣುಮಗು ಎಂದು ನಾವು ಬೆಳೆಸಿದ ಅವನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಾರ್ಮೋನ್ ಚಿಕಿತ್ಸೆ ಶುರುವಾದ ಎರಡು ವರ್ಷಕ್ಕೆ ದನಿ ಒಡೆದು, ಗಡ್ಡ ಬಂದು, ಈಗ ಹೊಸಬರು ಯಾರೂ ಅನುಮಾನಪಡುವುದಿಲ್ಲ. ಅವರ ಮಾತಿನಲ್ಲಿ ಹೇಳುವುದಾದರೆ ‘ಪಾಸ್’ ಆಗುತ್ತಾನೆ. ಅವನ ಆಪ್ತ ಗೆಳತಿ ಟ್ರಾನ್ಸ್ ಮಹಿಳೆ, ಗಂಡುಮಗು ಎಂದು ಬೆಳೆದವಳು. ಅವಳ ಚಿಕಿತ್ಸೆ ಇವನಿಗಿಂತ ಬಹಳ ಮೊದಲೇ ಆರಂಭವಾಗಿದ್ದರೂ ಜನ ತಿರುಗಿ ನೋಡುವುದು, ಆಡಿಕೊಳ್ಳುವುದು ನಿಂತಿಲ್ಲ. ಹಬ್ಬಕ್ಕೆ ಇಬ್ಬರೂ ಮನೆಗೆ ಬಂದಿದ್ದಾಗ ಮಾತಿಗೆ ಮಾತು ಬೆಳೆಯಿತು. ‘ನೀನು ದನಿ ಸ್ವಲ್ಪ ತಿದ್ದಿಕೊಂಡರೆ ಇಷ್ಟು ತೊಂದರೆ ಇರುವುದಿಲ್ಲ’ ಎಂದ ತಮ್ಮ. ‘ನಿನಗೆ ಗಂಡಸಿನ ಸುಖ ಸಿಕ್ಕಿದೆ, ನನ್ನ ಕಷ್ಟ ನಿನಗೇನು ಗೊತ್ತು’ ಎಂದು ಅವಳು ಅತ್ತಳು. ಅಮ್ಮನಿಗೆ ಮಾತ್ರ ಸಮಾಧಾನ. ‘ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಇನ್ನು ಎಲ್ಲ ಸರಿಹೋಯಿತು’ ಎನ್ನುತ್ತಾರೆ. ನಿಜವಾಗಿಯೂ ತಮ್ಮನ ಕಷ್ಟ ಮುಗಿಯಿತೇ? ಅವಳ ಕಷ್ಟ ಏಕೆ ಮುಗಿಯುತ್ತಿಲ್ಲ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ತಪ್ಪು. ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅಮ್ಮನ ಮಾತು ಪ್ರೀತಿಯಿಂದ ಬಂದದ್ದೇ ಆದರೂ ಮೂರರಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಅದೇ. ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಅವರ ಮನೆಯವರೊಂದಿಗೆ ಆಪ್ತಸಮಾಲೋಚಕಿಯಾಗಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಈ ಜಗಳ ನನಗೆ ಹೊಸದಲ್ಲ, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ದೇಹದಿಂದ ಶುರುಮಾಡೋಣ. ನಿಮ್ಮ ತಮ್ಮ ತೆಗೆದುಕೊಳ್ಳುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಧ್ವನಿತಂತುಗಳನ್ನು ದಪ್ಪಗಾಗಿಸುತ್ತದೆ. ಚಿಕಿತ್ಸೆಯ ಮೊದಲ ವರ್ಷದಲ್ಲೇ ದನಿ ಇಳಿಯತೊಡಗುತ್ತದೆ. ಮುಟ್ಟು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ. ಆರು ತಿಂಗಳು, ವರ್ಷದ ಹೊತ್ತಿಗೆ ಮೀಸೆ ಗಡ್ಡ ಚಿಗುರಿ, ಮುಂದೆ ಕೆಲವು ವರ್ಷ ತುಂಬಿಕೊಳ್ಳುತ್ತ ಹೋಗುತ್ತವೆ. ಚುಚ್ಚುಮದ್ದು ನಿಲ್ಲಿಸಿದರೂ ಇಳಿದ ದನಿ ಮತ್ತೆ ಏರುವುದಿಲ್ಲ. ಗೆಳತಿ ತೆಗೆದುಕೊಳ್ಳುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಕೆಲಸ ಮಾಡುವ ಬಗೆಯೇ ಬೇರೆ. ಚರ್ಮ ನುಣುಪಾಗುತ್ತದೆ, ಎರಡು ಮೂರು ವರ್ಷದಲ್ಲಿ ಸ್ತನಗಳು ಬೆಳೆಯುತ್ತವೆ, ಮೈಯ ಕೊಬ್ಬು ಜಾಗ ಬದಲಿಸುತ್ತದೆ. ಆದರೆ ಹದಿಹರೆಯದಲ್ಲಿ ಒಮ್ಮೆ ಒಡೆದ ದನಿಯನ್ನು ಅದು ಮೇಲಕ್ಕೆತ್ತುವುದಿಲ್ಲ. ಗಡ್ಡದ ಬೇರುಗಳನ್ನು ಕೊಲ್ಲುವುದಿಲ್ಲ. ಅದಕ್ಕೆ ಲೇಸರ್ ಅಥವಾ ವಿದ್ಯುತ್ತಿನಿಂದ ಕೂದಲ ಬೇರು ಸುಡುವ ಎಲೆಕ್ಟ್ರಾಲಿಸಿಸ್ ಬೇಕು, ಅದೂ ಹಲವು ಸಲ, ಪ್ರತಿ ಸಲವೂ ದುಡ್ಡು. ಎತ್ತರ, ಭುಜದ ಅಗಲ, ಅಂಗೈ, ದವಡೆ, ಗಂಟಲ ಮುಂದಿನ ಉಬ್ಬು ಇವು ಯಾವುವೂ ಮಾತ್ರೆಗೆ ಬಗ್ಗುವುದಿಲ್ಲ.

ಜತೆಗೆ ನಮ್ಮ ನೋಟದ ಅಭ್ಯಾಸವೂ ಇದೆ. ಐದಡಿ ಮೂರಂಗುಲದ ಗಂಡಸು ನಮ್ಮ ಊರುಗಳಲ್ಲಿ ಯಾರಿಗೂ ವಿಶೇಷವಲ್ಲ. ಐದಡಿ ಹತ್ತಂಗುಲದ ಹೆಂಗಸು ಸಂತೆಗೆ ಬಂದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ನಿಮ್ಮ ತಮ್ಮನ ಮುಖದ ಮೇಲಿನ ಗಡ್ಡ ಒಂದೇ ಉಳಿದೆಲ್ಲ ಅನುಮಾನಗಳಿಗೂ ಉತ್ತರ ಕೊಟ್ಟುಬಿಡುತ್ತದೆ. ಅವಳ ಹತ್ತು ಬದಲಾವಣೆಗಳನ್ನು ಒಂದು ಕೆಮ್ಮು ಸುಳ್ಳಾಗಿಸುತ್ತದೆ. ‘ದನಿ ತಿದ್ದಿಕೋ’ ಎಂದನಲ್ಲ, ಅದು ಸುಲಭದ ಮಾತಲ್ಲ ಎಂದು ಅವನಿಗೆ ಹೇಳಿ. ಧ್ವನಿ ಚಿಕಿತ್ಸಕರ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಸ್ವರ ಏರಿಸಿದರೆ ಸಾಲದು, ಅದು ಎದೆಯಿಂದ ಹೊಮ್ಮುತ್ತದೆಯೋ ಬಾಯಿಯ ಮುಂಭಾಗದಿಂದಲೋ, ವಾಕ್ಯದ ಕೊನೆ ಹೇಗೆ ಇಳಿಯುತ್ತದೆ ಎಂಬುದೆಲ್ಲ ಬದಲಾಗಬೇಕು. ಇಷ್ಟೆಲ್ಲ ಕಲಿತವರ ಬಾಯಲ್ಲೂ ಬೆಚ್ಚಿಬಿದ್ದಾಗ, ಸಿಟ್ಟು ಬಂದಾಗ ಹಳೆಯ ದನಿ ಹೊರಬೀಳುತ್ತದೆ. ಅವನಿಗೆ ಔಷಧ ತಂದುಕೊಟ್ಟದ್ದನ್ನು ಅವಳು ದಿನವೂ ದುಡಿದು ಗಳಿಸಬೇಕು. ತಾನು ಶ್ರಮಪಟ್ಟೆ, ಅವಳು ಪಡುತ್ತಿಲ್ಲ ಎಂಬ ಭಾವನೆ ಅವನ ಮನಸ್ಸಿನ ಮೂಲೆಯಲ್ಲಿದ್ದರೆ ಅದನ್ನು ಈಗಲೇ ಬಿಟ್ಟುಬಿಡಲಿ.

ಆದರೆ ದೇಹದ ವಿವರಣೆ ಅರ್ಧ ದಾರಿಗಷ್ಟೇ ಸಾಕು. ಗುರುತು ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಸಿಕ್ಕ ಮೇಲೆ ಜನ ಏಕೆ ಅವಳಿಗೆ ನಗುತ್ತಾರೆ, ಕಲ್ಲೆಸೆಯುತ್ತಾರೆ, ದರ ಕೇಳುತ್ತಾರೆ? ಗಂಡಸುತನವನ್ನು ಮೇಲೆ, ಹೆಣ್ತನವನ್ನು ಕೆಳಗೆ ಇಟ್ಟಿರುವ ಸಮಾಜ ನಮ್ಮದು. ಹೆಣ್ಣಾಗಿ ಬೆಳೆದವರು ಗಂಡಾಗಲು ಬಯಸಿದರೆ ಸಿಟ್ಟಿನ ನಡುವೆಯೂ ‘ಹೋಗಲಿ, ಮೇಲಕ್ಕೆ ತಾನೇ’ ಎಂಬ ಒಂದು ಒಪ್ಪಿಗೆ ಅಡಗಿರುತ್ತದೆ. ಗಂಡಾಗಿ ಹುಟ್ಟಿದವಳು ಸೀರೆಯುಟ್ಟರೆ ‘ಇದ್ದದ್ದನ್ನು ಕಳೆದುಕೊಂಡಳು’ ಎಂಬ ತಿರಸ್ಕಾರ. ಇದು ಬಾಲ್ಯದಲ್ಲೇ ಕಾಣುತ್ತದೆ. ಶಿಕ್ಷಕಿಯಾಗಿ ನೀವೇ ನೋಡಿರುತ್ತೀರಿ. ಪ್ಯಾಂಟು ತೊಟ್ಟು ಕ್ರಿಕೆಟ್ ಆಡುವ ಹುಡುಗಿಯನ್ನು ‘ನಮ್ಮನೆ ಗಂಡುಮಗ’ ಎಂದು ಅಪ್ಪಂದಿರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಡಿಗೆ ಸ್ವಲ್ಪ ಬಳುಕಿದ ಹುಡುಗನಿಗೆ ‘ಹೆಣ್ಣಿಗ’ ಎಂಬ ಹೆಸರು ಮೂರನೇ ತರಗತಿಯಲ್ಲೇ ಅಂಟುತ್ತದೆ. ಮೇಷ್ಟರೂ ಹೊಡೆಯುತ್ತಾರೆ, ಸಹಪಾಠಿಗಳೂ ಹೊಡೆಯುತ್ತಾರೆ. ಎಷ್ಟೋ ಟ್ರಾನ್ಸ್ ಮಹಿಳೆಯರು ಶಾಲೆ ಬಿಟ್ಟದ್ದು ಓದು ಹತ್ತದೆ ಅಲ್ಲ, ಶಾಲೆಯ ಶೌಚಾಲಯಕ್ಕೆ ಹೋಗಲು ಭಯಪಟ್ಟು.

ಈ ಮೇಲು ಕೆಳಗಿನ ಲೆಕ್ಕ ವಿದ್ಯಾವಂತರ ಲೋಕದಲ್ಲೂ ಬದಲಾಗುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರವಿಜ್ಞಾನಿ ಬೆನ್ ಬಾರೆಸ್ ಟ್ರಾನ್ಸ್ ಪುರುಷ. 1997ರಲ್ಲಿ, ನಲವತ್ತು ದಾಟಿದ ಮೇಲೆ ಗಂಡಸಾಗಿ ಬದುಕತೊಡಗಿದರು. ಅವರ ಹೊಸ ಗುರುತು ಮಾತ್ರ ಗೊತ್ತಿದ್ದವರೊಬ್ಬರು ಉಪನ್ಯಾಸದ ನಂತರ, ಇವರ ಸಂಶೋಧನೆ ಇವರ ಸೋದರಿಯ ಸಂಶೋಧನೆಗಿಂತ ಎಷ್ಟೋ ಮೇಲು ಎಂದರಂತೆ. ಆ ‘ಸೋದರಿ’ ಇವರೇ. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದು, ವಿಜ್ಞಾನಲೋಕದ ಹೆಣ್ಣುಮಕ್ಕಳ ಪರ ಅವರು ಕೊನೆಯವರೆಗೂ ದನಿಯೆತ್ತಿದರು. ಅಮೆರಿಕದಲ್ಲೇ ಕ್ರಿಸ್ಟನ್ ಶಿಲ್ಟ್ ಮತ್ತು ಮ್ಯಾಥ್ಯೂ ವಿಸ್ವಾಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉದ್ಯೋಗದಲ್ಲಿರುವ ಟ್ರಾನ್ಸ್ ವ್ಯಕ್ತಿಗಳ ಸಂಪಾದನೆಯನ್ನು ಮೊದಲು ಮತ್ತು ನಂತರ ಎಂದು ಹೋಲಿಸಿತು. ಟ್ರಾನ್ಸ್ ಪುರುಷರ ಸರಾಸರಿ ಗಳಿಕೆ ತುಸು ಏರಿತ್ತು. ಟ್ರಾನ್ಸ್ ಮಹಿಳೆಯರದ್ದು ಸುಮಾರು ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಅದೇ ಮೆದುಳು, ಅದೇ ಪದವಿ, ಅದೇ ಅನುಭವ. ಗೆಳತಿಯ ಮಾತಿನಲ್ಲಿ ಅರ್ಧ ನಿಜವಿದೆ ಎಂದೆನಲ್ಲ, ಆ ಅರ್ಧ ಇದು.

ನಮ್ಮಲ್ಲಿ ಗೋಚರತೆಗೆ ಇನ್ನೂ ಒಂದು ಮಗ್ಗುಲಿದೆ. ಟ್ರಾನ್ಸ್ ಮಹಿಳೆಯರಿಗೆ ಇಲ್ಲಿ ಹಳೆಯ ಇತಿಹಾಸವಿದೆ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಿಜ್ರಾ ಸಮುದಾಯದಲ್ಲಿ ಒಟ್ಟಿಗೆ ಬದುಕುವ ಮನೆಯಾದ ಹಮಾಮ್ ಇದೆ, ಗುರು ಚೇಲಾ ಎಂಬ ಗುರು ಶಿಷ್ಯೆಯರ ಸಂಬಂಧವಿದೆ. ಮನೆಯಿಂದ ಹೊರದೂಡಲ್ಪಟ್ಟ ಹದಿನಾರರ ಹುಡುಗಿಗೆ ಒಂದು ತಟ್ಟೆ ಅನ್ನ ಹಾಕಿ, ಮಗಳೇ ಎನ್ನುವ ಯಾರೋ ಇರುತ್ತಾರೆ. ಅಲ್ಲಿಯ ಕಟ್ಟಳೆಗಳೂ ಸಾಲದ ಲೆಕ್ಕಗಳೂ ಕೆಲವೊಮ್ಮೆ ಉಸಿರುಗಟ್ಟಿಸುತ್ತವೆ ಎಂಬುದನ್ನು ಬಲ್ಲೆ, ಆದರೂ ಆ ತಟ್ಟೆ ಅನ್ನವನ್ನು ಹಗುರವಾಗಿ ಮಾತಾಡಲಾರೆ.

ಎಲ್ಲರಿಗೂ ಗೊತ್ತಿರುವುದರಿಂದ ಪೊಲೀಸರಿಗೂ ಗೊತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಬ್ರಿಟಿಷರು ಈ ಸಮುದಾಯದವರ ಹೆಸರು, ವಿಳಾಸ ದಾಖಲಿಸಿಡಲು ಪುಸ್ತಕ ತೆರೆದರು. ಆ ಕಾಯ್ದೆ ಹೋಯಿತು. ಆದರೆ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ ಅದೇ ಬಗೆಯ ನೋಂದಣಿಗೆ ಮತ್ತೆ ಅಧಿಕಾರ ಕೊಟ್ಟಿತು. ಸಮುದಾಯ ಹೋರಾಡಿ, ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಅದರ ಭಾಷೆ ಬದಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಬೀದಿಗಳಿಂದ ಈ ಸಮುದಾಯದ ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದು ಭಿಕ್ಷುಕರ ಕಾಲೊನಿಗೆ ಒಯ್ದರು. ಭಿಕ್ಷೆ ಬೇಡದೆ ಸುಮ್ಮನೆ ದಾರಿಯಲ್ಲಿ ನಡೆಯುತ್ತಿದ್ದವರೂ ಅವರಲ್ಲಿದ್ದರು. ನೋಡಿದರೆ ಗೊತ್ತಾಗುವ ದೇಹವೇ ಸಾಕ್ಷಿಯಾಗಿಬಿಟ್ಟಿತ್ತು. ನಿಮ್ಮ ತಮ್ಮನನ್ನು ಯಾರೂ ಹೀಗೆ ದಾರಿಯಲ್ಲಿ ಹಿಡಿದು ವ್ಯಾನು ಹತ್ತಿಸುವುದಿಲ್ಲ.

ಇನ್ನು ಅವನ ಕಡೆಗೆ ಬರುತ್ತೇನೆ. ಅವನಿಗೆ ಎಲ್ಲಮ್ಮನೂ ಇಲ್ಲ, ಹಮಾಮೂ ಇಲ್ಲ. ಟ್ರಾನ್ಸ್ ಪುರುಷ ಎಂಬವನೊಬ್ಬ ಇರಬಹುದೆಂಬ ಕಲ್ಪನೆಯೇ ಬಹಳ ಜನಕ್ಕಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ಗಡ್ಡದ ಯುವಕನಿಗೆ ‘ಇದು ಮಂಗಳಮುಖಿಯರಿಗೆ ಕಣಪ್ಪ, ನಿನಗಲ್ಲ’ ಎಂದು ವಾಪಸು ಕಳಿಸುತ್ತಾರೆ. ಬಾಲ್ಯದಲ್ಲಿ ‘ಗಂಡುಮಗ’ ಎಂದು ಸಿಕ್ಕ ಸಲುಗೆ ಮೈನೆರೆದ ದಿನಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಅವನ ಮೇಲೆ ಬೀಳುವುದು ಹೆಣ್ಣುಮಕ್ಕಳಿಗೆ ಹಾಕುವ ಕಾವಲು. ಮಗನೆಂದುಕೊಂಡವಳು ಸೀರೆಯುಟ್ಟರೆ ಮನೆಯವರು ಹೊರಗಟ್ಟುತ್ತಾರೆ. ಮಗಳೆಂದುಕೊಂಡವನು ಕೂದಲು ಕತ್ತರಿಸಿಕೊಂಡರೆ ಒಳಗೆ ಕೂಡಿಹಾಕುತ್ತಾರೆ. ಓಡಿಹೋದ ಟ್ರಾನ್ಸ್ ಮಹಿಳೆಯನ್ನು ಹುಡುಕಿಕೊಂಡು ಬರುವವರು ಅಪರೂಪ. ಓಡಿಹೋದ ಟ್ರಾನ್ಸ್ ಪುರುಷನ ಮೇಲೆ ‘ಮಗಳು ಕಾಣೆಯಾಗಿದ್ದಾಳೆ’ ಎಂಬ ದೂರು ದಾಖಲಾಗುತ್ತದೆ. ವಯಸ್ಸು ಇಪ್ಪತ್ತೆರಡಾದರೂ ಠಾಣೆಯಲ್ಲಿ ಬುದ್ಧಿ ಹೇಳಿ ಅಪ್ಪನ ಕೈಗೆ ಒಪ್ಪಿಸುತ್ತಾರೆ. ಆಮೇಲೆ ಅವಸರದ ಮದುವೆ. ಆ ಮದುವೆಯ ಕೋಣೆಯಲ್ಲಿ ನಡೆಯುವುದನ್ನು ಬಲಾತ್ಕಾರ ಎಂದು ಕರೆಯಲು ಅವನಿಗೆ ಎಷ್ಟೋ ವರ್ಷ ಬೇಕಾಗುತ್ತದೆ. ಅವಳ ಮೇಲಿನ ಹಿಂಸೆ ಹೆಚ್ಚಾಗಿ ಬೀದಿಯಲ್ಲಿ, ನಾಲ್ಕು ಜನ ನೋಡುವಾಗ ನಡೆಯುತ್ತದೆ. ಅವನ ಮೇಲಿನದು ನಾಲ್ಕು ಗೋಡೆಯೊಳಗೆ, ಪತ್ರಿಕೆಗೆ ಬರದ ಹಾಗೆ. ನಿಮ್ಮ ಮನೆಯಲ್ಲಿ ಹೀಗಾಗಲಿಲ್ಲ ಎಂಬುದು ನನಗೆ ನೆಮ್ಮದಿ.

ಪಾಸ್ ಆದ ಮೇಲೂ ಏನೇನು ಉಳಿಯುತ್ತದೆ ಎಂಬುದನ್ನು ಒಂದು ಬಸ್ಸಿನಲ್ಲಿ ನೋಡಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಗುರುತಿನ ಚೀಟಿ ತೋರಿಸಬೇಕು. ಟ್ರಾನ್ಸ್ ಮಹಿಳೆ ಕೈ ಚಾಚುತ್ತಾಳೆ. ಆಧಾರ್ ಇನ್ನೂ ಹಳೆಯದು, ಹಳೆಯ ಹೆಸರು, ಮೀಸೆ ಚಿಗುರುತ್ತಿರುವ ಹುಡುಗನ ಫೋಟೊ. ಕಂಡಕ್ಟರ್ ಕಾರ್ಡು ನೋಡಿ, ಮುಖ ನೋಡಿ, ಮತ್ತೆ ಕಾರ್ಡು ನೋಡುತ್ತಾರೆ. ‘ಇದು ಯಾರದು?’ ಎಂದು ಕೇಳುತ್ತಾರೆ. ಕೆಟ್ಟ ಉದ್ದೇಶ ಇರಲಿಕ್ಕಿಲ್ಲ, ಆದರೆ ಬಸ್ಸಿನಲ್ಲಿ ದನಿ ದೊಡ್ಡದಾಗಿಯೇ ಬರುತ್ತದೆ. ಇಡೀ ಬಸ್ಸು ತಿರುಗುತ್ತದೆ. ಮರುದಿನದಿಂದ ಅವಳು ಏನೂ ಮಾತಾಡದೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾಳೆ. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಟ್ರಾನ್ಸ್ ಪುರುಷನನ್ನು ಯಾರೂ ಏನೂ ಕೇಳುವುದಿಲ್ಲ. ಅವನ ಭಯ ಬಸ್ಸು ಇಳಿದ ಮೇಲೆ, ಪರವೂರಿನ ಲಾಡ್ಜಿನ ಕೌಂಟರಿನಲ್ಲಿ ಶುರುವಾಗುತ್ತದೆ. ಅಲ್ಲಿ ಆಧಾರ್ ಇಲ್ಲದೆ ಕೋಣೆ ಇಲ್ಲ, ಆಧಾರ್‌ನಲ್ಲಿ ‘ಸ್ತ್ರೀ’ ಎಂದಿದೆ. ಹುಡುಗರ ಜತೆ ಜೋಗಕ್ಕೋ ಗೋಕರ್ಣಕ್ಕೋ ಹೊರಟ ಕಚೇರಿ ಪ್ರವಾಸವನ್ನು ಅವನು ಪ್ರತಿ ಸಲವೂ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ.

ಪಾಸ್ ಆಗುವವನ ಭಯ ಈ ಬಗೆಯದು. ಅವಳಿಗೆ ಮೊದಲ ನೋಟದ ಭಯ, ಅವನಿಗೆ ಮುಂದೆಂದೋ ಬರುವ ಪತ್ತೆಯ ಭಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ಸಹಪಾಠಿ, ಊರಿನವರ ಫೇಸ್‌ಬುಕ್ ಫೋಟೊ, ಯಾವುದರಿಂದ ಬೇಕಾದರೂ ಗುಟ್ಟು ಹೊರಬೀಳಬಹುದು. ಹೊರಬಿದ್ದಾಗ ‘ನಮಗೆ ಮೋಸ ಮಾಡಿದ’ ಎಂಬ ಆರೋಪ ಬರುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಬ್ರಾಂಡನ್ ಟೀನಾ ಎಂಬ ಇಪ್ಪತ್ತೊಂದರ ಟ್ರಾನ್ಸ್ ಪುರುಷನ ಗುಟ್ಟು ಬಯಲಾದಾಗ, ಒಡನಾಡಿಗಳಾಗಿದ್ದ ಇಬ್ಬರು ಅವನ ಮೇಲೆ ಅತ್ಯಾಚಾರ ಎಸಗಿದರು. ಪೊಲೀಸರಿಗೆ ದೂರು ಕೊಟ್ಟ ಮೇಲೂ ರಕ್ಷಣೆ ಸಿಗದೆ 1993ರ ಕೊನೆಯ ದಿನ ಅವರಿಂದಲೇ ಕೊಲೆಯಾದ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲ ಸರಿಹೋಯಿತು’ ಎಂಬ ಅಮ್ಮನ ಮಾತು ನನ್ನನ್ನು ಏಕೆ ಕಾಡಿತು ಎಂಬುದಕ್ಕೆ ಹೇಳಿದೆ. ಗೊತ್ತಾಗದಿರುವುದೇ ಸರಿಹೋಗುವುದು ಎಂದು ಮನೆಯಲ್ಲೇ ಒಪ್ಪಿಕೊಂಡರೆ, ಗೊತ್ತಾದ ದಿನ ಅವನು ಮನೆಗೆ ಬರಲು ಹಿಂಜರಿಯುತ್ತಾನೆ.

ಪಾಸ್ ಆಗುವ ಟ್ರಾನ್ಸ್ ಮಹಿಳೆಯರೂ ಇದ್ದಾರೆ. ಅವರು ಅದೇ ಪತ್ತೆಯ ಭಯವನ್ನೂ, ಹೆಂಗಸಾಗಿ ರಾತ್ರಿ ಒಬ್ಬಳೇ ನಡೆಯುವ ಭಯವನ್ನೂ ಒಟ್ಟಿಗೆ ಹೊರುತ್ತಾರೆ. ಮೆಚ್ಚಿ ಹಿಂದೆ ಬಿದ್ದವನೇ ಗೊತ್ತಾದಾಗ ಕೈಯೆತ್ತುತ್ತಾನೆ. ಇನ್ನು ಸೌಲಭ್ಯಗಳ ಮಾತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಒಳ್ಳೆಯ ಕೆಲಸ. ಆದರೆ ಆ ಕಾಲಂನಲ್ಲಿ ಗುರುತು ಹಾಕಿದ ಕ್ಷಣವೇ ಟ್ರಾನ್ಸ್ ಪುರುಷ ಇಡೀ ಇಲಾಖೆಗೆ ತನ್ನನ್ನು ತೆರೆದಿಟ್ಟಂತೆ. ಎಷ್ಟೋ ಮಂದಿ ಅರ್ಹರಿದ್ದೂ ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕುತ್ತಾರೆ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆಯಂತೂ ಇಬ್ಬರನ್ನೂ ನಿರಾಸೆಗೊಳಿಸಿತು. ಟ್ರಾನ್ಸ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಅದರಲ್ಲಿ ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆಯಷ್ಟೇ ಇತ್ತು.

ಹೆಚ್ಚು ಮಾತಾಡದ ಒಂದು ಸಂಗತಿ ಆಸ್ಪತ್ರೆಯದ್ದು. ಗರ್ಭಕೋಶ ಇರುವ ಟ್ರಾನ್ಸ್ ಪುರುಷನಿಗೆ ಸ್ತ್ರೀರೋಗ ತಜ್ಞರು ಬೇಕಾಗುತ್ತಾರೆ. ಆ ವಿಭಾಗದ ಬೆಂಚಿನ ಮೇಲೆ ಬಸುರಿ ಹೆಂಗಸರ ನಡುವೆ ಒಬ್ಬ ಗಡ್ಡದ ಯುವಕ ಚೀಟಿ ಹಿಡಿದು ಕೂತಿದ್ದಾನೆ. ಸಿಸ್ಟರ್ ಹೊರಬಂದು ಹಳೆಯ ಹೆಸರು ಕೂಗುತ್ತಾರೆ. ಏಳುವುದೋ ಬೇಡವೋ? ಏಳದೆ ಮನೆಗೆ ಹೋದವರನ್ನು ಬಲ್ಲೆ, ಹೋಗಿ ವರ್ಷಗಟ್ಟಲೆ ಹೊಟ್ಟೆನೋವು ನುಂಗಿದವರನ್ನೂ ಬಲ್ಲೆ. ಮುಟ್ಟು ನಿಂತಿದೆ ಎಂದರೆ ಗರ್ಭ ನಿಲ್ಲುವುದಿಲ್ಲ ಎಂದು ತಿಳಿದವರೂ ಇದ್ದಾರೆ. ಅದು ತಪ್ಪು, ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ.

ಇನ್ನು ನಿಮ್ಮ ತಮ್ಮ ಕಳೆದುಕೊಂಡದ್ದನ್ನೂ ಒಮ್ಮೆ ಕೇಳಿ ನೋಡಿ. ಅಕ್ಕತಂಗಿಯರ, ಹಾಸ್ಟೆಲ್ ಗೆಳತಿಯರ ನಡುವೆ ಬೆಳೆದವನು ಅವನು. ಈಗ ಅವನು ಕೋಣೆಗೆ ಬಂದರೆ ಹೆಂಗಸರ ಮಾತು ನಿಲ್ಲುತ್ತದೆ. ರಾತ್ರಿ ಅವನ ಮುಂದೆ ನಡೆಯುತ್ತಿರುವ ಹುಡುಗಿ ಹೆಜ್ಜೆ ಚುರುಕು ಮಾಡುತ್ತಾಳೆ, ಅವಳ ಭಯ ಎಂಥದ್ದೆಂದು ಅವನಿಗೆ ಮೈಯಾರೆ ಗೊತ್ತು. ಗಂಡಸರ ಕೂಟದಲ್ಲಿ ಹೆಂಗಸರ ಬಗ್ಗೆ ಆಡುವ ಮಾತಿಗೆ ನಗದಿದ್ದರೆ ಅನುಮಾನ, ನಕ್ಕರೆ ಹೇಸಿಗೆ. ಇದನ್ನು ‘ಗಂಡಸಿನ ಸುಖ’ ಎನ್ನಲಾಗದು. ಗೆಳತಿಯ ಮಾತಿನ ಉಳಿದರ್ಧ ಇಲ್ಲಿ ಬಿದ್ದುಹೋಗುತ್ತದೆ. ಆದರೂ ಒಂದು ಮಾತನ್ನು ಅವನಿಗೆ ನೇರವಾಗಿ ಹೇಳುತ್ತೇನೆ. ಬೀದಿಯಲ್ಲಿ ಅವಳ ಜತೆ ನಡೆಯುವಾಗ ಅವನ ಗಡ್ಡಕ್ಕೆ ಒಂದಿಷ್ಟು ಬಲವಿದೆ. ಯಾರಾದರೂ ಆಡಿಕೊಂಡಾಗ ತಿರುಗಿ ನಿಂತು ಕೇಳಿದರೆ ಅವನ ಮಾತು ನಡೆಯುತ್ತದೆ, ಅವಳದು ನಡೆಯುವುದಿಲ್ಲ. ಆ ಬಲವನ್ನು ಅವಳಿಗೆ ಉಪದೇಶ ಕೊಡಲು ಬಳಸದೆ ಅವಳ ಪಕ್ಕದಲ್ಲಿ ನಿಲ್ಲಲು ಬಳಸಲಿ. ಅವಳಿಗೂ ಒಂದು ಮಾತು: ಅವನು ಮೌನವಾಗಿದ್ದಾನೆಂದರೆ ಸುಖವಾಗಿದ್ದಾನೆ ಎಂದು ಭಾವಿಸುವುದು ಬೇಡ.

ಅಮ್ಮನೊಂದಿಗೆ ನೀವೇ ಮಾತಾಡಿ. ನೆಂಟರು ಇಷ್ಟರಲ್ಲೇ ‘ಹುಡುಗನಿಗೆ ಹೆಣ್ಣು ನೋಡೋಣವೇ’ ಎಂದು ಶುರುಮಾಡುತ್ತಾರೆ, ಇಲ್ಲವೇ ‘ನಿಮ್ಮ ಮಗಳು ಎಲ್ಲಿ’ ಎಂದು ಕೇಳುತ್ತಾರೆ. ಎರಡಕ್ಕೂ ಏನು ಹೇಳಬೇಕು ಎಂಬುದನ್ನು ತಮ್ಮನನ್ನೇ ಕೇಳಿ, ಅವನು ಹೇಳಿದಷ್ಟನ್ನೇ ಹೇಳಿ. ಯಾರಿಗೆ, ಯಾವಾಗ, ಎಷ್ಟು ತಿಳಿಸಬೇಕೆಂಬುದು ಅವನ ತೀರ್ಮಾನ. ನಿಮ್ಮ ಪ್ರೀತಿಯ ಉತ್ಸಾಹದಲ್ಲೂ ಅದು ನಿಮ್ಮ ಬಾಯಿಂದ ಹೊರಬೀಳಬಾರದು. ಆಧಾರ್, ಪ್ಯಾನ್, ಅಂಕಪಟ್ಟಿಗಳ ತಿದ್ದುಪಡಿಗೆ ಬೇಕಾದ ಕಾಗದಪತ್ರಗಳನ್ನು ಒಟ್ಟುಮಾಡಲು ಜತೆ ಕೊಡಿ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅಲ್ಲಿ ನೆರವು ಉಚಿತ. ಎದೆಯ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ, ಎದೆ ಚಪ್ಪಟೆ ಕಾಣಲೆಂದು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವುದು ಬೇಡವೆನ್ನಿ. ಅದು ಪಕ್ಕೆಲುಬಿಗೂ ಉಸಿರಾಟಕ್ಕೂ ಕೆಟ್ಟದ್ದು. ಟೆಸ್ಟೋಸ್ಟೆರಾನ್ ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸುವುದರಿಂದ ವೈದ್ಯರು ಹೇಳಿದಷ್ಟು ಸಲ ರಕ್ತಪರೀಕ್ಷೆ ತಪ್ಪಬಾರದು.

ಗೆಳತಿಗಾಗಿ ಏನು ಮಾಡಬಹುದು ಎಂದೂ ನೀವು ಕೇಳಿದ್ದೀರಿ ಎಂದೇ ನಾನು ತಿಳಿಯುತ್ತೇನೆ, ಅವಳು ಅತ್ತದ್ದನ್ನು ಬರೆದಿದ್ದೀರಲ್ಲ. ಅವಳಿಗೆ ಫೋನ್ ಮಾಡಿ, ಮುಂದಿನ ಹಬ್ಬಕ್ಕೂ ಬರಬೇಕೆಂದು ನೀವೇ ಕರೆಯಿರಿ. ಮಾತಿನ ನಡುವೆ ಯಾವ ಹಾರ್ಮೋನ್, ಯಾರು ಬರೆದುಕೊಟ್ಟದ್ದು ಎಂದು ಕೇಳಿ. ಬೇಗ ಫಲ ಸಿಗಲೆಂದು ಔಷಧದಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಹೆಚ್ಚು ಹೆಚ್ಚು ನುಂಗುವವರು ಬಹಳ ಮಂದಿ. ಅದರಲ್ಲಿನ ಈಸ್ಟ್ರೋಜನ್ ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವ ಅಪಾಯವಿದೆ, ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಹಾಗೇನಾದರೂ ಇದ್ದರೆ ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಬಳಿ ಹೋಗಿ ಸರಿಯಾದ ಔಷಧಕ್ಕೆ ಬದಲಾಯಿಸಿಕೊಳ್ಳಲಿ. ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಎದೆ ಹಿಡಿದು ಉಸಿರು ಕಟ್ಟಿದರೆ ಅದೇ ಗಳಿಗೆ ತುರ್ತು ಚಿಕಿತ್ಸೆಗೆ ಹೋಗಬೇಕು, ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರನ್ನು ವೈದ್ಯರಿಂದ ಮುಚ್ಚಿಡಬಾರದು. ಆಸ್ಪತ್ರೆಗೆ ಒಬ್ಬಳೇ ಹೋಗಲು ಅವಳು ಹಿಂಜರಿಯಬಹುದು. ನಿಮ್ಮ ತಮ್ಮ ಜತೆಗೆ ಹೋಗಲಿ.